ಕೆಂಗಲಮಟ್ಟಿಯ ಉಹೂಂ

ಮೋಡಗಳನ್ನು ದನದ ಹಿಂಡಿನಂತೆ ಅಟ್ಟಿಕೊಂಡು ಬಂದು ಬೇಕಾದ ಊರಿನ ಮೇಲೆ ಮಳೆ ಕರೆದುಕೊಳ್ಳಬಹುದು ಎಂದು ಗೊತ್ತಾದ ಮೇಲೆ ಜನ ಮೊಟ್ಟಮೊದಲು ಮಾಡಿದ ಕೆಲಸವೆಂದರೆ ಜಗಳ. ಒಬ್ಬರ ಜೋಳಕ್ಕೆ ಮಳೆ ಬೇಕು, ಪಕ್ಕದೂರಿನವರ ಮದುವೆ ಚಪ್ಪರಕ್ಕೆ ಬೇಡ. ಕೈ ಮೇಲಾದವರು ಇನ್ನೊಬ್ಬರಿಗೆಂದು ಹೊರಟ ಮೋಡವನ್ನು ನಡುದಾರಿಯಲ್ಲೇ ತಿರುಗಿಸಿಕೊಂಡರು. ಕೊನೆಗೆ ಎಲ್ಲರೂ ಸೋತು ಎರಡು ಕಟ್ಟಳೆ ಮಾಡಿದರು. ಕೇಳದೆ ಯಾವ ಊರಿನ ಮೇಲೂ ಮಳೆ ಸುರಿಸುವಂತಿಲ್ಲ, ಇದು ಒಂದು. ಊರು ಒಪ್ಪಿಕೊಂಡ ಮೇಲೆ ಆ ಊರೇ ಬಾಯಿಬಿಟ್ಟು ಬೇಡ ಎನ್ನುವ ತನಕ ಯಾವ ದೊರೆ ಹೇಳಿದರೂ ಮೋಡ ನಿಲ್ಲಿಸುವಂತಿಲ್ಲ, ಇದು ಇನ್ನೊಂದು.

ಹಾಗಾಗಿ ಪ್ರತಿ ಊರೂ ತನ್ನ ಪರವಾಗಿ ಉತ್ತರ ಕೊಡಲು ಒಬ್ಬರನ್ನು ಆರಿಸಿತು. ಸರ್ಕಾರದ ಕಾಗದದಲ್ಲಿ ಅವರ ಹೆಸರು ಒಪ್ಪಿಗೆದಾರರು. ಜನರ ಬಾಯಲ್ಲಿ ಹೂಂಗಾರರು. ತಲೆಮಾರುಗಳಿಂದ ಹೂವು ಮಾರಿಕೊಂಡು ಬಂದ ಹೂಗಾರರ ಮನೆಗಳಿಗೆ ಜನ ಬಂದು ಮಳೆ ಯಾವಾಗ ಎಂದು ವಿಚಾರಿಸತೊಡಗಿದಾಗ ಅವರು ಮೊದಮೊದಲು ಮುನಿಸಿಕೊಂಡರು, ಆಮೇಲೆ ನಕ್ಕು ಸುಮ್ಮನಾದರು.

ಗದಗಿನಾಚೆಯ ಗುಡ್ಡದ ಮೇಲಿನ ಮೋಡ ನಿರ್ವಹಣಾ ಕೇಂದ್ರವನ್ನೂ ಯಾರೂ ಪೂರ್ತಿ ಹೆಸರಿನಿಂದ ಕರೆಯುತ್ತಿರಲಿಲ್ಲ. ಅದು ಮಳಿಮನಿ. ಅಲ್ಲಿಂದ ಹದ್ದುಗಳು ಹಾರುತ್ತಿದ್ದವು. ಹದ್ದು ಎಂದರೆ ರೆಕ್ಕೆಯ ತುದಿಯಲ್ಲಿ ವಿದ್ಯುತ್ ಸೂಸುವ ಪುಟ್ಟ ವಿಮಾನ. ಮೋಡದೊಳಗಿನ ಹನಿಗಳಿಗೆಲ್ಲ ಒಂದೇ ಬಗೆಯ ವಿದ್ಯುತ್ ತಾಗಿಸಿದರೆ ಅವು ಒಂದನ್ನೊಂದು ದೂರ ತಳ್ಳುತ್ತ, ಕೂಡಿಕೊಳ್ಳದೆ, ಬೀಳದೆ ತೇಲುತ್ತವೆ. ಅರ್ಧಕ್ಕೆ ಒಂದು ಬಗೆ, ಇನ್ನರ್ಧಕ್ಕೆ ಅದರ ವಿರುದ್ಧದ ಬಗೆ ತಾಗಿಸಿದರೆ ಹನಿ ಹನಿಯನ್ನು ಅಪ್ಪಿ ದಪ್ಪವಾಗಿ ಕೆಳಗಿಳಿಯುತ್ತದೆ. ಹೀಗೆ ಎರಡೂ ಬಗೆ ತಾಗಿಸುವ ಕೆಲಸಕ್ಕೆ ಮಳಿಮನಿಯವರು ಹೆಪ್ಪು ಹಾಕುವುದು ಎನ್ನುತ್ತಿದ್ದರು. ಹೆಪ್ಪು ಬಿದ್ದ ಮೋಡವನ್ನು ಸ್ವಲ್ಪ ದೂರ ಸಾಗಿಸಬಹುದು, ಆದರೆ ಹಿಡಿದಿಡಲು ಬರುವುದಿಲ್ಲ. ಅದು ಎಲ್ಲಾದರೂ ಸುರಿಯಲೇಬೇಕು.

ಇಷ್ಟೆಲ್ಲ ದೊಡ್ಡ ಏರ್ಪಾಡು ನಿಂತಿದ್ದು ಒಂದು ಸಣ್ಣ ಪ್ರಶ್ನೆಯ ಮೇಲೆ. ಮಾಬೂಸಾಬ ನದಾಫ ಎಂಬಾತ ನಿಯಂತ್ರಣ ಕೊಠಡಿಯಲ್ಲಿ ಕಂಪ್ಯೂಟರಿನ ಮುಂದೆ ಕೂತು, ತಂತಿಯಿಲ್ಲದ ಹೆಡ್‌ಫೋನ್ ತಲೆಗೇರಿಸಿಕೊಂಡು, ಊರೂರಿಗೆ ಫೋನ್ ಮಾಡಿ ಕೇಳುತ್ತಿದ್ದ: “ಮಳಿ ಸುರಸಲೇನ್ರಿ?” ಆ ಕಡೆಯಿಂದ ಹೂಂ ಎಂದು ಬಂದರೆ ಹಸಿರು ಗುಂಡಿ, ಉಹೂಂ ಎಂದು ಬಂದರೆ ಕೆಂಪು. ಅವನಿಗೆ ಕೇಳಿದ ದನಿಯನ್ನೇ ಕಂಪ್ಯೂಟರಿನೊಳಗಿನ ಯಂತ್ರವೂ ಕೇಳಿ, ಹೂಂಗಾರರದೇ ಹೌದೆಂದು ಗುರುತಿಸಿ ಬರೆದುಕೊಳ್ಳುತ್ತಿತ್ತು. ಬೇಡ ಎನ್ನುವ ಶಬ್ದ ಮಾತ್ರ ಯಾವತ್ತೂ ಬರುತ್ತಿರಲಿಲ್ಲ. ಬಾಗಿಲಿಗೆ ಬಂದ ಮಳೆಗೆ ಬಾಯಿಬಿಟ್ಟು ಬೇಡ ಎನ್ನಬಾರದೆಂದು ಆ ಸೀಮೆಯ ಹಿರಿಯರು ನಂಬಿದ್ದರು. ತುಟಿ ಬಿಚ್ಚದೆ ಉಹೂಂ ಎಂದರೆ ಮನುಷ್ಯರಿಗೆ ತಿಳಿಯುತ್ತದೆ, ಮಳೆಗೆ ಕೇಳಿಸುವುದಿಲ್ಲ. ಇದು ಅವರ ಲೆಕ್ಕ.

ಎಳ್ಳಮಾವಾಸ್ಯೆ ಕಳೆದ ವಾರ ಆ ಹೆಡ್‌ಫೋನಿಗೆ ರೋಗ ಬಂತು. ಮೂಡಣ ಕಡಲಿನ ಬಿರುಗಾಳಿ ಅಕಾಲದ ಒಂದಿಷ್ಟು ಮೋಡಗಳನ್ನು ಒಳನಾಡಿಗೆ ನೂಕಿತ್ತು. ಕೆಲಸ ಜೋರಾಗಿರಲೆಂದು ಕೇಂದ್ರದವರು ಕಂಪ್ಯೂಟರಿಗೆ ಹೊಸದೊಂದು ದೊಡ್ಡ ಡಿಸ್ಕಿನ ಪೆಟ್ಟಿಗೆ ಜೋಡಿಸಿದ್ದರು. ಅದರ ಬೆನ್ನಲ್ಲೇ ಮಾಬೂಸಾಬನ ಕಿವಿಯಲ್ಲಿ ಕರಕರ, ಪಟಪಟ ಶುರುವಾಯಿತು.

“ನನ್ನ ಕಿವ್ಯಾಗ ಯಾರೋ ಜ್ವಾಳದ ಅಳ್ಳು ಹುರಿಯಾಕತ್ತಾರ್ರಿ ಮೇಡಂ,” ಎಂದ ಅವನು, ಮಹಾನಂದಾಳಿಗೆ ಹೆಡ್‌ಫೋನ್ ಕೊಡುತ್ತ. “ಒಂಚೂರು ಉಪ್ಪು ಖಾರ ಹಾಕಿದ್ರ ಎಲ್ಲಾರಿಗೂ ಹಂಚಬಹುದಿತ್ತು.”

ಮಹಾನಂದಾ ಆ ಕೇಂದ್ರದ ಧ್ವನಿ ವಿಭಾಗ. ಅವಳು ಬಿಟ್ಟರೆ ಆ ವಿಭಾಗದಲ್ಲಿ ಇನ್ನಾರೂ ಇರಲಿಲ್ಲ. ಹಗಲು ಟೈಲರ್ ಅಂಗಡಿಯಲ್ಲಿ ಕಾಜಾ ಹಾಕಿ, ಸಂಜೆ ಕಾಲೇಜಿನಲ್ಲಿ ಎಲೆಕ್ಟ್ರಾನಿಕ್ಸ್ ಓದಿ ಈ ಕೆಲಸಕ್ಕೆ ಬಂದವಳು. ಮನೆ ಬಿಡುವಾಗ ಗ್ಯಾಸಿನ ಕಿವಿ ತಿರುವಿದೆನೋ ಇಲ್ಲವೋ ಎಂದು ಬೀದಿಯ ತಿರುವಿನಿಂದ ವಾಪಸು ಬಂದು ನೋಡುವ ಸ್ವಭಾವ. ಅವಳು ಕ್ರಮವಾಗಿ ಎಲ್ಲವನ್ನೂ ಮಾಡಿದಳು. ಹೆಡ್‌ಫೋನಿನ ಬ್ಯಾಟರಿ ತುಂಬಿಸಿದಳು. ಕಂಪ್ಯೂಟರಿಗೂ ಅದಕ್ಕೂ ಇದ್ದ ನಂಟನ್ನು ಒಮ್ಮೆ ಅಳಿಸಿ ಮತ್ತೆ ಜೋಡಿಸಿದಳು. ಮೈಕಿನ ಮಟ್ಟ ಇಳಿಸಿದಳು, ಬೇರೆ ಹೆಡ್‌ಫೋನ್ ಹಾಕಿ ನೋಡಿದಳು. ಅಳ್ಳು ಸಿಡಿಯುತ್ತಲೇ ಇತ್ತು.

ಇನ್ನು ನೋಡದೆ ಉಳಿದದ್ದು ಒಂದೇ. ಹೆಡ್‌ಫೋನಿನ ಅಲೆಗಳನ್ನು ಹಿಡಿಯುವ ಉಗುರಿನಷ್ಟು ದೊಡ್ಡ ಗ್ರಾಹಕವನ್ನು ಕಂಪ್ಯೂಟರಿನ ಬೆನ್ನಿಗೆ ಸಿಕ್ಕಿಸಿದ್ದರು. ಕಂಪ್ಯೂಟರ್ ಇದ್ದದ್ದು ಮೇಜಿನ ಕೆಳಗೆ, ಬೀಗ ಹಾಕಿದ ಕಬ್ಬಿಣದ ಕಪಾಟಿನೊಳಗೆ. ಕೀಲಿಕೈ ಕೇಂದ್ರದ ಮುಖ್ಯಸ್ಥ ಗುರುರಾಜ ದೇಸಾಯರ ಬಳಿ. ಹೋಗಿ ಕೇಳಬೇಕೆಂದು ಮಹಾನಂದಾ ಅವರ ಬಾಗಿಲ ತನಕ ಹೋದಳು. ತೆಗೆದು ನೋಡಿ ಏನೂ ಇರದಿದ್ದರೆ? ಇಷ್ಟು ಸಣ್ಣ ತೊಂದರೆಗೆ ಕಪಾಟು ತೆಗೆಸಿದಳು, ಇವಳಿಗೇನೂ ಬರುವುದಿಲ್ಲ ಎಂದುಕೊಂಡರೆ? ಬಾಗಿಲಿನಿಂದ ತಿರುಗಿ ಬಂದು ತನಗೆ ಗೊತ್ತಿದ್ದ ದಾರಿ ಹಿಡಿದಳು. ಸದ್ದು ಸೋಸುವ ಒಂದು ಜರಡಿಯನ್ನು ಕಂಪ್ಯೂಟರಿನೊಳಗೆ ಬರೆದಳು.

ಜರಡಿಯ ಉಪಾಯ ಸರಳವಾಗಿತ್ತು. ಅಳ್ಳಿನ ಸದ್ದು ಚಿಕ್ಕದು, ಸಿಡಿದು ನಿಲ್ಲುತ್ತದೆ. ಮಾತು ಉದ್ದ, ಎಳೆದುಕೊಂಡು ಹೋಗುತ್ತದೆ. ಹಾಗಾಗಿ ಸದ್ದು ಕೇಳಿದ ಕೂಡಲೇ ಬಾಗಿಲು ತೆರೆಯಬಾರದು. ಸಿಡಿದು ಸುಮ್ಮನಾದರೆ ಕಸ, ಆಚೆ ಎಸೆಯುವುದು. ಎಳೆದುಕೊಂಡು ಬಂದರೆ ಮಾತು, ಒಳಗೆ ಬಿಡುವುದು. ಅವಳೇ ಫೋನಿನಲ್ಲಿ ಒಂದು ಪುಟ ವಾರ್ತೆ ಓದಿ ಪರೀಕ್ಷಿಸಿದಳು. ಕಲ್ಲಿಲ್ಲದ ಅಕ್ಕಿಯಂತೆ ಮಾತು ಬಂತು.

ಮಾಬೂಸಾಬ ಕಿವಿಗೆ ಹಾಕಿಕೊಂಡು ಕಣ್ಣು ಮುಚ್ಚಿದ. ಮಸೀದಿಯೊಳಗೆ ಕೂತಷ್ಟು ಶಾಂತ ಇದೆ ಎಂದ. ದೇಸಾಯರು ಬಂದು ಬೆನ್ನು ತಟ್ಟಲಿಲ್ಲ, ಆದರೆ ಚಹಾ ತರಿಸಿದರು. ಮಹಾನಂದಾ ಚಹಾ ಕುಡಿಯುತ್ತ, ಯಾವುದನ್ನು ಮರೆತೆ ಎಂದು ಯೋಚಿಸುತ್ತಿದ್ದಳು.

ಆ ಯೋಚನೆಯಿಂದಲೇ ಸಂಜೆ ಒಂದು ಜೊತೆ ಹೆಡ್‌ಫೋನನ್ನೂ ಜರಡಿಯ ನಕಲನ್ನೂ ಮನೆಗೆ ತಂದಳು. ಮನೆಯ ಸದ್ದಿನಲ್ಲಿ ಪಾಸಾದರೆ ಎಲ್ಲೂ ಪಾಸು ಎಂದು ಅವಳ ನಂಬಿಕೆ. ಗದಗಿನ ಅವಳ ಮನೆ ಬಸ್ ಡಿಪೋದ ಗೋಡೆಗೆ ಆತುಕೊಂಡಿತ್ತು. ಅತ್ತೆ ಪಾರವ್ವ ಶೇಂಗಾ ಹೋಳಿಗೆಗೆ ಹೂರಣ ಕುಟ್ಟುತ್ತಿದ್ದವಳು, ಇದೇನು ಎಂದು ಕೇಳಿ, ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿ ಹೆಡ್‌ಫೋನ್ ಹಾಕಿಕೊಂಡೇಬಿಟ್ಟಳು. ಹಾಕಿಕೊಂಡ ಮೇಲೆ ಯಾರ ಜೊತೆಗಾದರೂ ಮಾತಾಡಲೇಬೇಕಲ್ಲ. ಕಂಪ್ಯೂಟರಿನಿಂದ ರೋಣದಲ್ಲಿದ್ದ ತಮ್ಮ ಸಂಗಪ್ಪನಿಗೆ ಫೋನ್ ಹಚ್ಚಿಸಿದಳು.

ಮಳೆ ಬೆಳೆ, ಮೊಣಕಾಲು ನೋವು, ಯಾರ ಮಗಳು ಯಾರ ಮನೆಗೆ ಬಂದಳು, ಎಲ್ಲ ಆಯಿತು. ಡಿಪೋದ ಬಸ್ಸುಗಳು ಒಂದೂ ಕೇಳಿಸುತ್ತಿಲ್ಲ, ತಮ್ಮ ಮಗ್ಗುಲಲ್ಲೇ ಕೂತಂತೆ ಇದ್ದಾನೆ ಎಂದು ಪಾರವ್ವ ಸೊಸೆಗೆ ಸನ್ನೆ ಮಾಡಿದಳು. ಕೊನೆಗೆ ಶೇಂಗಾ ಹೋಳಿಗೆ ಕಳಿಸಲೇ ಎಂದು ಕೇಳಿದಳು. ಏನು ಉತ್ತರ ಬಂತೋ, ಅವಳ ಮುಖ ಅರಳಿತು. ಹೆಡ್‌ಫೋನ್ ತೆಗೆದಿಟ್ಟು ಮತ್ತೊಂದು ಸೇರು ಶೇಂಗಾ ಹುರಿಯಲು ಕೂತಳು. ಮಹಾನಂದಾಳ ಗಂಡ ಈರಣ್ಣ ರೋಣದ ಬಸ್ಸಿನ ಕಂಡಕ್ಟರ್. ಮರುದಿನ ಬೆಳಗಿನ ಪಾಳಿಗೆ ಹೋಗುವಾಗ ಟಿಕೆಟ್ ಯಂತ್ರದ ಜೊತೆಗೆ ಒಂದು ದೊಡ್ಡ ಡಬ್ಬಿಯನ್ನೂ ಹೊತ್ತುಕೊಂಡು ಹೋದ.

ಮಳಿಮನಿಯಲ್ಲಿ ಆ ವಾರ ಹಬ್ಬದಂತಿತ್ತು. ಕೇಳಿದ ಊರೆಲ್ಲ ಹೂಂ ಎನ್ನುತ್ತಿತ್ತು. ಮೊದಲು ಸರದಿಗೆ ಬಂದವು ತಡವಾಗಿ ಜೋಳ ಬಿತ್ತಿದ, ನಿಜವಾಗಿಯೂ ಮಳೆ ಬೇಕಾಗಿದ್ದ ಊರುಗಳು. ಮಳೆ ಬಿದ್ದು ಅವರು ಖುಷಿಪಟ್ಟರು, ತಪ್ಪು ಆ ಖುಷಿಯ ಹಿಂದೆ ಅಡಗಿ ಕೂತಿತು. ಗೋಡೆಯ ಮೇಲಿನ ದೊಡ್ಡ ಪರದೆಯಲ್ಲಿ ಒಂದರ ಮೇಲೊಂದು ಹಸಿರು ದೀಪ ಹತ್ತುವುದನ್ನು ದೇಸಾಯರು ಕೈಕಟ್ಟಿ ನಿಂತು ನೋಡುತ್ತಿದ್ದರು. ಜನಕ್ಕೆ ಈಗ ಸರ್ಕಾರದ ಮೇಲೆ ನಂಬಿಕೆ ಬಂದಿದೆ ಎಂದು ಅವರು ಹೇಳಿದರು. ಮಾಬೂಸಾಬ ಮಾತ್ರ, ತನ್ನ ಹೆಂಡತಿಯನ್ನೂ ಈ ಹೆಡ್‌ಫೋನಿನಲ್ಲೇ ಏನಾದರೂ ಕೇಳಿ ನೋಡಬೇಕು ಎಂದ. ಮಹಾನಂದಾ ನಕ್ಕಳು. ಒಂದು ಊರೂ ಉಹೂಂ ಅನ್ನದ ವಾರ ಎಂದಾದರೂ ಇತ್ತೇ? ಒಳ್ಳೆಯದಾದಾಗಲೂ ಅನುಮಾನ ಪಡುವ ತನ್ನ ಬುದ್ಧಿಯನ್ನು ತಾನೇ ಬೈದುಕೊಂಡಳು.

ಅವಳ ರಜೆಯ ದಿನ ಮಧ್ಯಾಹ್ನದ ಊಟಕ್ಕೆ ಮೊದಲು ಬಾಗಿಲಲ್ಲಿ ಸಂಗಪ್ಪ ಪ್ರತ್ಯಕ್ಷನಾದ. ಕೈಯಲ್ಲಿ ಅದೇ ಡಬ್ಬಿ. ಅದನ್ನು ಕಟ್ಟೆಯ ಮೇಲೆ ಕುಕ್ಕಿ ಅಕ್ಕನನ್ನು ನೋಡಿದ.

“ಅಕ್ಕಾ, ನನ್ನ ಕೊಲ್ಲಬೇಕಂತ ಮಾಡೀಯೇನ? ಸಕ್ರಿ ಬ್ಯಾನಿ ಐತಿ, ಡಾಕ್ಟರು ಬೆಲ್ಲದ ವಾಸನೀನೂ ನೋಡಬ್ಯಾಡ ಅಂದಾರ ಅಂತ ಹೇಳಿಲ್ಲೇನು ನಿನಗ?”

“ಮತ್ತ ಕಳಸಲೇನ ಅಂದ್ರ ಹೂಂ ಅಂದಿ,” ಎಂದಳು ಪಾರವ್ವ, ಸೊಂಟದ ಮೇಲೆ ಕೈಯಿಟ್ಟು.

“ನಾ ಉಹೂಂ ಅಂದೆ.”

“ಹೂಂ ಅಂದಿ. ಈ ಎರಡೂ ಕಿವಿಲೆ ಕೇಳೇನಿ. ತಿನ್ನೂದೆಲ್ಲಾ ತಿಂದು, ಸಕ್ರಿ ಏರಿದ ಮ್ಯಾಲ ಅಕ್ಕನ ಮ್ಯಾಲ ಹಾಕಾಕ ಬಂದೀಯೇನು?”

ಡಬ್ಬಿ ತೆರೆದು ನೋಡಿದರೆ ಅರ್ಧ ಖಾಲಿಯಾಗಿತ್ತು. ಅದಕ್ಕೆ ಸಂಗಪ್ಪ ಬೇರೆ ಕಾರಣ ಹೇಳಿದ, ಪಾರವ್ವ ಕೇಳಿಸಿಕೊಳ್ಳಲಿಲ್ಲ. ಆದರೆ ಮಹಾನಂದಾ ಅಷ್ಟರಲ್ಲಿ ಒಳಗೆ ಹೋಗಿ ಕಂಪ್ಯೂಟರ್ ಹಚ್ಚಿದ್ದಳು. ಅತ್ತೆಯ ತಲೆಗೆ ಹೆಡ್‌ಫೋನ್ ಏರಿಸಿ, ಸಂಗಪ್ಪ ಮಾವನನ್ನು ಅವನ ಫೋನಿನ ಸಮೇತ ಬೀದಿಯ ಬೇವಿನ ಮರದ ಕೆಳಗೆ ನಿಲ್ಲಿಸಿ ಬಂದಳು. ಉಹೂಂ ಅನ್ನಿರಿ ಎಂದು ಕಿಟಕಿಯಿಂದ ಕೂಗಿದಳು. ಮರದ ಕೆಳಗೆ ಸಂಗಪ್ಪ ತಲೆಯನ್ನೂ ಅಡ್ಡ ಆಡಿಸಿ ಉಹೂಂ ಎಂದ.

“ಹೂಂ ಅಂದ ನೋಡು,” ಎಂದಳು ಪಾರವ್ವ ಗೆದ್ದವಳಂತೆ.

ಮಹಾನಂದಾ ಹೆಡ್‌ಫೋನನ್ನು ತನ್ನ ಕಿವಿಗೆ ಹಾಕಿಕೊಂಡು ಇನ್ನೊಮ್ಮೆ ಹೇಳಿಸಿದಳು. ಹೂಂ. ಮತ್ತೊಮ್ಮೆ. ಹೂಂ. ಉಹೂಂ ಎನ್ನುವಾಗ ಮನುಷ್ಯ ಮೊದಲು ಒಂದು ಪುಟ್ಟ ಉ ಸಿಡಿಸುತ್ತಾನೆ, ಗಂಟಲಲ್ಲಿ ಒಂದು ಕ್ಷಣ ತಡೆಯುತ್ತಾನೆ, ಆಮೇಲೆ ಹೂಂ ಎಂದು ಎಳೆಯುತ್ತಾನೆ. ಸಿಡಿದು ನಿಂತದ್ದು ಕಸ, ಎಳೆದದ್ದು ಮಾತು ಎಂದು ಜರಡಿಗೆ ಹೇಳಿಕೊಟ್ಟವಳು ಅವಳೇ. ಇಡೀ ಸೀಮೆಯ ಇಲ್ಲ ಎನ್ನುವ ಮಾತೆಲ್ಲ ಆ ಉಕಾರದಲ್ಲಿತ್ತು. ಅದನ್ನೇ ಜರಡಿ ಹಿಡಿದು ಆಚೆ ಎಸೆದಿತ್ತು. ವಾರ್ತೆ ಓದಿ ಪರೀಕ್ಷೆ ಮಾಡಿದ್ದಳು, ನಿಜ. ವಾರ್ತೆಯಲ್ಲಿ ಉಹೂಂ ಎಲ್ಲಿಂದ ಬರಬೇಕು?

ಮಾಬೂಸಾಬನಿಗೆ ಫೋನ್ ಮಾಡಿದಳು. ಇವತ್ತು ಯಾವ ಊರು ಎಂದು ಕೇಳಿದಳು. ಕೆಂಗಲಮಟ್ಟಿ, ಬೆಳಿಗ್ಗೆಯೇ ಹೂಂ ಅಂದರು, ಹದ್ದುಗಳು ಹೆಪ್ಪು ಹಾಕಿ ಮುಗಿಸಿವೆ, ಸಂಜೆಯೊಳಗೆ ಸುರಿಯುತ್ತದೆ ಎಂದ ಅವನು. ಕೆಂಗಲಮಟ್ಟಿ ಊರಿಗೆ ಊರೇ ಮೆಣಸಿನಕಾಯಿ ಬೆಳೆಯುವಂಥದು. ಈಗ ಅಲ್ಲಿ ಅಂಗಳ, ಮಾಳಿಗೆ, ಶಾಲೆಯ ಬಯಲು ಎಲ್ಲ ಕಡೆ ಕಾಯಿ ಹರವಿರುತ್ತಾರೆ. ಬಸ್ಸಿನಲ್ಲಿ ಹೋಗುವವರು ಆ ಊರು ಬಂದರೆ ಕೆಂಪು ನೋಡಲು ಕಿಟಕಿಗೆ ಹೊರಳುತ್ತಾರೆ, ಮರುಕ್ಷಣ ಸೀನುತ್ತಾರೆ. ಒಣಗಿದ ಕಾಯಿಗೆ ಒಂದು ಮಳೆ ತಾಗಿದರೆ ಬಣ್ಣ ಹೋಗಿ ಕಪ್ಪು ಬೂಸಲು ಹಿಡಿಯುತ್ತದೆ. ಒಂದು ವರ್ಷದ ದುಡಿಮೆ ಒಂದು ಸಂಜೆಯಲ್ಲಿ ಗೊಬ್ಬರದ ಗುಂಡಿ ಸೇರುತ್ತದೆ.

ಸಂಗಪ್ಪ ಮಾವನ ಮೋಟಾರ್ ಬೈಕು ಬಾಗಿಲಲ್ಲೇ ಇತ್ತು. ಅವನ ಹಿಂದೆ ಕೂತು ಮಹಾನಂದಾ ಗುಡ್ಡ ಹತ್ತಿದಳು. ದಾರಿಯುದ್ದಕ್ಕೂ ಸಂಗಪ್ಪ, ತಾನು ಉಹೂಂ ಅಂದದ್ದು ಸಾಬೀತಾಯಿತಲ್ಲ, ಅದನ್ನು ಅಕ್ಕನ ಮುಂದೆ ಒಮ್ಮೆ ಹೇಳಬೇಕು ಎಂದು ಕೇಳಿಕೊಳ್ಳುತ್ತಿದ್ದ. ಅವಳು ಮುಗಿಲು ನೋಡುತ್ತಿದ್ದಳು. ಮೂಡಣ ದಿಕ್ಕಿನಲ್ಲಿ ಎಮ್ಮೆಯ ಹೊಟ್ಟೆಯಂಥ ಮೋಡವೊಂದು ನಿಧಾನಕ್ಕೆ ಹೊರಟಿತ್ತು.

ನಿಯಂತ್ರಣ ಕೊಠಡಿಗೆ ಹೋದವಳು ಉಸಿರು ಬಿಡದೆ ಎಲ್ಲ ಹೇಳಿದಳು. ತಪ್ಪು ಜರಡಿಯದು, ಜರಡಿ ತನ್ನದು ಎಂದೂ ಹೇಳಿದಳು. ದೇಸಾಯರು ಸಿಟ್ಟಾಗಲಿಲ್ಲ. ಬಿಳಿಚಿಕೊಂಡರು. ಪರದೆಯ ಹಸಿರು ದೀಪಗಳನ್ನು ಮೇಲಿಂದ ಕೆಳಗೆ ನೋಡಿ ಕುರ್ಚಿಯಲ್ಲಿ ಕೂತರು. ಒಪ್ಪಿಗೆ ಯಂತ್ರದೊಳಗೆ ಸೇರಿಯಾಗಿತ್ತು. ಕಟ್ಟಳೆಯ ಪ್ರಕಾರ ಇನ್ನು ಆ ಊರಿನ ಹೂಂಗಾರಳೇ ಮಾತಾಡಬೇಕು, ಅದೂ ಯಂತ್ರಕ್ಕೆ ಸ್ಪಷ್ಟವಾಗಿ ಕೇಳುವಂತೆ. ಅವರು ತಾವೇ ಸಹಿ ಮಾಡಿ ಬರೆಸಿದ ಕಟ್ಟಳೆ ಅದು.

ಮಾಬೂಸಾಬ ಜರಡಿ ಬಂದ್ ಮಾಡಿ ಕೆಂಗಲಮಟ್ಟಿಗೆ ಫೋನ್ ಹಚ್ಚಿದ. ಕರಕರ, ಪಟಪಟ. ಆ ಕಡೆ ಯಾರೋ ಮಾತಾಡುತ್ತಿದ್ದಾರೆ ಎಂಬುದಷ್ಟೇ ತಿಳಿಯಿತು. ಯಂತ್ರವಂತೂ ಅದನ್ನು ಮಾತೆಂದೇ ಒಪ್ಪಲಿಲ್ಲ.

ಮಹಾನಂದಾ ದೇಸಾಯರತ್ತ ತಿರುಗಿ ಕೈಚಾಚಿದಳು. “ಕಪಾಟಿನ ಕೀಲಿಕೈ ಕೊಡ್ರಿ ಸಾಹೇಬ್ರ.”

ಮೇಜಿನ ಕೆಳಗೆ ತೂರಿ ಕಪಾಟು ತೆರೆದಳು. ನೋಡಿದರೆ ಅನುಮಾನಪಟ್ಟದ್ದೇ ಸರಿಯಾಗಿತ್ತು. ಉಗುರಿನಷ್ಟಿದ್ದ ಗ್ರಾಹಕದ ಮಗ್ಗುಲಿಗೇ, ಎರಡು ಬೆರಳಿನ ಅಂತರವೂ ಇಲ್ಲದಂತೆ, ಹೊಸ ಡಿಸ್ಕಿನ ತಂತಿ ಸಿಕ್ಕಿಸಿದ್ದರು. ಅಂಥ ವೇಗದ ತಂತಿ ದತ್ತಾಂಶ ಹರಿಸುವಾಗ ಸುತ್ತಲೂ ಅಲೆಗಳನ್ನು ಸೋರಿಸುತ್ತದೆ. ಹೆಡ್‌ಫೋನ್ ಮಾತಾಡುವ ಅಲೆಯೂ ಹೆಚ್ಚುಕಡಿಮೆ ಅದೇ ಅಳತೆಯದು. ಸಂತೆಯಲ್ಲಿ ತಗಡು ಬಡಿಯುವವನ ಪಕ್ಕ ಕೂತು ಗುಟ್ಟು ಕೇಳಿಸಿಕೊಳ್ಳಲು ಹೋದಂತೆ ಆಗಿತ್ತು ಆ ಗ್ರಾಹಕದ ಪಾಡು. ಪ್ರಿಂಟರಿನ ಬಳಿ ಬಿದ್ದಿದ್ದ ಒಂದು ಉದ್ದದ ಎಕ್ಸ್‌ಟೆನ್ಶನ್ ವೈರು ಎಳೆದುಕೊಂಡು, ಗ್ರಾಹಕವನ್ನು ಅದರ ತುದಿಗೆ ಹಾಕಿ, ಕಪಾಟಿನಿಂದ ಹೊರತಂದು ಮಾಬೂಸಾಬನ ಮುಂದೆ ಮೇಜಿನ ಮೇಲಿಟ್ಟಳು.

ಅಳ್ಳು ನಿಂತಿತು. ಮಾಬೂಸಾಬ ಹೆಡ್‌ಫೋನನ್ನು ಅವಳ ತಲೆಗೇ ಹಾಕಿದ.

ಜರಡಿಯಿಲ್ಲದ ಕಿವಿಯಲ್ಲಿ ಕೆಂಗಲಮಟ್ಟಿ ಪೂರ್ತಿ ಬಂದು ಕೂತಿತು. ಗಾಳಿ, ಕೋಳಿ, ಯಾವುದೋ ಹಗ್ಗ ಎಳೆಯುವ ಕಿರ್ ಸದ್ದು, ತಾಡಪತ್ರಿ ತಾ ಎಂದು ಕೂಗುವವರು, ಬೈಯುವವರು, ಸೀನುವವರು. ಅದರ ನಡುವೆ ಆ ಊರಿನ ಹೂಂಗಾರಳು ತಿರಕವ್ವನ ದಪ್ಪ ದನಿ. ಮುಂಜಾನೆ ಉಹೂಂ ಎಂದರೂ ಈ ಮೋಡ ನಮ್ಮೂರಿಗೇ ಏಕೆ ಬರುತ್ತಿದೆ, ಇಡೀ ಊರು ಕಾಯಿ ಬಾಚುತ್ತಿದೆ, ಮೇಲೆ ಮುಚ್ಚಲು ಇದ್ದ ತಾಡಪತ್ರಿ ಅರ್ಧ ಊರಿಗೂ ಸಾಲದು ಎಂದು ಅವಳು ಒಂದೇ ಸಮನೆ ಹೇಳುತ್ತಿದ್ದಳು.

“ತಿರಕವ್ವಾರ, ತಪ್ಪು ನಂದ್ರಿ,” ಎಂದಳು ಮಹಾನಂದಾ. “ನೀವು ಉಹೂಂ ಅಂದದ್ದು ನಮಗ ಹೂಂ ಅಂತ ಕೇಳಿಸ್ತು. ಈಗ ಬಾಯಿಬಿಟ್ಟು ಒಂದ ಸಲ ಬ್ಯಾಡ ಅಂದುಬಿಡ್ರಿ. ನಿಲ್ಲಸ್ತೇವಿ.”

ಆ ಕಡೆ ತಿರಕವ್ವ ಕೋಳಿಯನ್ನು ಅಟ್ಟಿ ದನಿ ತಗ್ಗಿಸಿದಳು.

“ಮಳೀಗೆ ಹಂಗ ಅನಬಾರದವ್ವ.”

“ಇದೊಂದ ಸಲ ಅನ್ರಿ. ನಿಮ್ಮ ಕಾಯಿ ಉಳಿತಾವು.”

“ಈ ವರ್ಷದ ಕಾಯಿ ಉಳಿತಾವು. ಬಾಗಲಿಗೆ ಬಂದಾವಗ ಬ್ಯಾಡ ಅಂದು ಕಳಿಸಿದ್ರ, ಮುಂದ ಕರದಾಗ ಬರ್ತಾನೇನು? ಇಡೀ ಊರು ನನ್ನ ನಾಲಿಗಿ ಮ್ಯಾಲ ಕುಂತೈತಿ. ನಾ ಒಲ್ಲೆನವ್ವ.”

ದೇಸಾಯರು ಪಕ್ಕದಲ್ಲಿ ಹಣೆ ಒತ್ತಿಕೊಂಡರು. ವಿಜ್ಞಾನ ಎಷ್ಟು ಮುಂದೆ ಹೋಗಿದೆ, ಹದ್ದು ಹಾರಿಸಿದರೆ ಮಳೆ ಬರುವ ಕಾಲದಲ್ಲಿ ಮಳೆಗೆ ಎಂಥ ಸಿಟ್ಟು ಎಂದು ಗೊಣಗಿದರು. ಪರದೆಯ ಮೇಲೆ ಮೋಡದ ಗುರುತು ಕೆಂಗಲಮಟ್ಟಿಯ ಹೊಲದ ಅಂಚಿಗೆ ಬಂದಿತ್ತು. ಫೋನನ್ನು ನಿಮ್ಮ ಮಗನಿಗಾದರೂ ಕೊಡಿ ಎನ್ನೋಣವೆಂದರೆ ಯಂತ್ರ ಮಗನ ದನಿ ಒಪ್ಪುವುದಿಲ್ಲ. ಮಾಬೂಸಾಬ ಕಣ್ಣಿನಲ್ಲೇ, ಏನಾದರೂ ಮಾಡು ಎಂದ.

ಮಹಾನಂದಾ ಕಣ್ಣು ಮುಚ್ಚಿದಳು. ತಿರಕವ್ವನ ಮೇಲೆ ಅವಳಿಗೆ ಸಿಟ್ಟು ಬರಲಿಲ್ಲ. ಅವಳ ಅತ್ತೆಯೂ ದೀಪ ಆರಿಸು ಎನ್ನುವವಳಲ್ಲ, ದೀಪ ಶಾಂತ ಮಾಡು ಎನ್ನುವವಳು. ಬಳೆ ಒಡೆದರೆ ಬಳೆ ಹೆಚ್ಚಿತು ಎನ್ನುವವಳು. ಕೆಟ್ಟದ್ದನ್ನು ಹೇಳದೆಯೇ ಹೇಳಬೇಕಾದ್ದನ್ನು ಹೇಳಲು ಆ ಮನೆಗಳಲ್ಲಿ ಸಾವಿರ ದಾರಿಗಳಿದ್ದವು. ಇಷ್ಟು ದಿನ ತಾವು ತಿರಕವ್ವನಿಗೆ ಕೇಳಿದ ಪ್ರಶ್ನೆಯೇ ತಪ್ಪಿರಬಹುದೇ? ಯಂತ್ರದಲ್ಲಿ ಇನ್ನೊಂದು ಗುಂಡಿಯೂ ಇತ್ತು. ಒಂದು ಊರಿಗೆ ಮಳೆ ಸಾಕಾದಾಗ ಉಳಿದ ಮೋಡವನ್ನು ಮುಂದಿನವರಿಗೆ ಬಿಟ್ಟು ಕೊಡಲಿಕ್ಕೆ ಇದ್ದ, ಸಾಗಲಿ ಎನ್ನುವ ಗುಂಡಿ. ಅದಕ್ಕೂ ಊರಿನ ಒಪ್ಪಿಗೆ ಬೇಕು. ಆದರೆ ಅದಕ್ಕೆ ಬೇಡ ಎನ್ನಬೇಕಿಲ್ಲ, ಹೂಂ ಎಂದರೆ ಸಾಕು.

ಅವಳು ದನಿಯನ್ನು ಸಣ್ಣ ಮಾಡಿ, ಮನೆಗೆ ಬಂದ ನೆಂಟರ ಪರವಾಗಿ ಕೇಳುವಂತೆ ಕೇಳಿದಳು.

“ತಿರಕವ್ವಾರ, ಮಳಿ ಹೋಗಿ ಬರಲೇನ್ರಿ?”



“ಹೂಂ,” ಎಂದಳು ತಿರಕವ್ವ. ಹೇಳಿದ ಮೇಲೆ ಅವಳ ದನಿಯೇ ಹಗುರಾಯಿತು. “ಹೋಗಿ ಬರಲಿ. ನಾ ಯಾವಾಗ ಒಲ್ಲೆ ಅಂದೀನಿ? ಕಾಯಿ ಪ್ಯಾಟಿಗೆ ಹೋದ ಮ್ಯಾಲ ಸಾವಕಾಶ ಬರಲಿ. ಹೋಗಿ ಬಾ ಅಂತ ಹೇಳವ್ವ ಅವಗ.”

ಯಂತ್ರ ಆ ಹೂಂ ಕೇಳಿ ಸಾಗಲಿ ಎಂಬ ಗುಂಡಿಗೆ ದೀಪ ಹಚ್ಚಿತು. ಹಚ್ಚಿ, ಎಲ್ಲಿಗೆ ಎಂದು ಕೇಳಿತು.

ಇದನ್ನು ಯಾರೂ ಯೋಚಿಸಿರಲಿಲ್ಲ. ಹೆಪ್ಪು ಬಿದ್ದ ಮೋಡ ಹೊತ್ತಿಗೆ ಸರಿಯಾಗಿ ಸುರಿಯುತ್ತದೆ, ದೂರ ಹೋಗುವಷ್ಟು ಹೊತ್ತು ಉಳಿದಿರಲಿಲ್ಲ. ಸುತ್ತಲಿನ ಊರುಗಳಲ್ಲೂ ಅಂಗಳದ ತುಂಬ ಕಾಯಿಯೇ. ಅವರನ್ನು ಕೇಳುವುದೂ ಒಂದೇ, ಬಿಡುವುದೂ ಒಂದೇ. ಮಾಬೂಸಾಬ ನಕ್ಷೆಯ ಮೇಲೆ ಬೆರಳಾಡಿಸುತ್ತ ಹೋದ. ಬೆರಳು ಕೆಂಗಲಮಟ್ಟಿಯಿಂದ ಹೊರಟು, ಗೋಮಾಳ ದಾಟಿ, ಗುಡ್ಡ ಹತ್ತಿ, ಒಂದು ಸಣ್ಣ ಚೌಕದ ಮೇಲೆ ನಿಂತಿತು. ಅದು ಮಳಿಮನಿ. ಮೂವರೂ ಒಬ್ಬರ ಮುಖ ಒಬ್ಬರು ನೋಡಿದರು. ಈ ಜಾಗಕ್ಕೆ ಒಪ್ಪಿಗೆದಾರರು ಯಾರು ಎಂದು ಯಂತ್ರವನ್ನು ಕೇಳಿದರೆ ಅದು ಗುರುರಾಜ ದೇಸಾಯಿ ಎಂದು ತೋರಿಸಿತು.

ಕಟ್ಟಳೆ ಕಟ್ಟಳೆಯೇ. ಮಹಾನಂದಾ ಹೆಡ್‌ಫೋನನ್ನು ದೇಸಾಯರ ತಲೆಗೆ ಏರಿಸಿದಳು. ಮಾಬೂಸಾಬ ಗಂಟಲು ಸರಿಮಾಡಿಕೊಂಡು, ಎದುರಿಗೇ ಕೂತಿದ್ದವರನ್ನು ನೂರು ಮೈಲಿ ದೂರದವರೆಂಬಂತೆ ಕೇಳಿದ:

“ಮಳಿ ಸುರಸಲೇನ್ರಿ ಸಾಹೇಬ್ರ?”

ದೇಸಾಯರು ಕಿಟಕಿಯಿಂದ ಹೊರಗೆ ನೋಡಿದರು. ಅಲ್ಲಿ ಅವರ ಹೊಸ ಕಾರು ಗಾಜು ಇಳಿಸಿಕೊಂಡು ನಿಂತಿತ್ತು. ಕೀಲಿಕೈಗಾಗಿ ಜೇಬು ಮುಟ್ಟಿಕೊಂಡರು. ಪರದೆ ನೋಡಿದರು. ಮೋಡ ನಿಂತಲ್ಲೇ ತುಯ್ಯುತ್ತಿತ್ತು.

“ಹೂಂ,” ಎಂದರು.

ಹದ್ದುಗಳು ಹೊರಳಿದವು. ಕೆಂಗಲಮಟ್ಟಿಯ ಅಂಚಿನಲ್ಲಿ ನಾಲ್ಕು ಹನಿ ಉದುರಿಸಿ ಆ ಎಮ್ಮೆಮೋಡ ಗುಡ್ಡದತ್ತ ಮುಖ ಮಾಡಿತು. ಆ ಬಳಿಕ ಮಳಿಮನಿಯ ಮೇಲೆ ಬಿದ್ದದ್ದು ಮಳೆಯಲ್ಲ, ಕೆರೆ ಮಗುಚಿದಂತೆ. ಹೊರಗೆ ಸಂಗಪ್ಪ ಬೈಕ್ ಬಿಟ್ಟು ಓಡಿಬಂದ. ದೇಸಾಯರು ಕಾರಿನ ಗಾಜು ಏರಿಸಲು ಓಡಿ, ಅರ್ಧ ದಾರಿಯಲ್ಲಿ ಇನ್ನೇನೂ ಉಳಿದಿಲ್ಲವೆಂದು ತಿಳಿದು, ಅಂಗಳದ ನಡುವೆ ಸುಮ್ಮನೆ ನಿಂತುಬಿಟ್ಟರು. ಎಷ್ಟೋ ವರ್ಷದಿಂದ ಮಳೆ ಹಂಚುತ್ತಿದ್ದ ಆ ಮನುಷ್ಯ ಮಳೆಯಲ್ಲಿ ನೆನೆದು ಎಷ್ಟು ಕಾಲವಾಗಿತ್ತೋ. ಮಹಾನಂದಾ ಬಾಗಿಲಲ್ಲಿ ನಿಂತು ಆ ಸದ್ದು ಕೇಳಿದಳು. ತಗಡಿನ ಮೇಲೆ, ಕಲ್ಲಿನ ಮೇಲೆ, ದೇಸಾಯರ ಬೋಳುತಲೆಯ ಮೇಲೆ ಬೇರೆ ಬೇರೆ ಸದ್ದು. ಇದರಲ್ಲಿ ಯಾವುದನ್ನು ಕಸ ಎನ್ನುವುದು ಎಂದು ಅವಳಿಗೆ ಗೊತ್ತಾಗಲಿಲ್ಲ. ಮರುದಿನ ಜರಡಿಯನ್ನು ಪೂರ್ತಿ ಅಳಿಸಿಹಾಕಬೇಕು, ಈ ವಾರ ಹೂಂ ಎಂದ ಊರುಗಳನ್ನೆಲ್ಲ ಮತ್ತೊಮ್ಮೆ ಕೇಳಬೇಕು ಎಂದುಕೊಂಡಳು. ಪ್ರಶ್ನೆಯನ್ನು ಎರಡೂ ಬಗೆಯಲ್ಲಿ ಕೇಳಬೇಕು: ಮಳೆ ಬರಲೇ, ಮಳೆ ಹೋಗಿ ಬರಲೇ. ಯಾವುದಕ್ಕೆ ಹೂಂ ಎನ್ನುತ್ತಾರೋ ಅದು. ಆಗ ಯಾವ ಅಜ್ಜಿಯೂ ಮಳೆಗೆ ಅನಬಾರದ್ದನ್ನು ಅನ್ನಬೇಕಾಗಿಲ್ಲ.

ಅಷ್ಟರಲ್ಲಿ ಮಾಳಿಗೆಯ ಮೆಟ್ಟಿಲಿನಿಂದ ಕ್ಯಾಂಟೀನಿನ ಯಲ್ಲವ್ವ ಇಳಿದು ಬಂದಳು. ಎರಡೂ ಕೈಯಲ್ಲಿ ಸೀರೆಯೊಂದನ್ನು ಜೋಳಿಗೆಯಂತೆ ಹಿಡಿದಿದ್ದಳು. ಅದರೊಳಗೆ ಆ ದಿನ ಮಾಳಿಗೆಯ ಮೇಲೆ ಒಣಹಾಕಿದ್ದ ಸಂಡಿಗೆ ಎಲ್ಲ ಕರಗಿ ಮತ್ತೆ ಗಂಜಿಯಾಗಿತ್ತು. ಅದನ್ನು ನಿಯಂತ್ರಣ ಕೊಠಡಿಯ ನಡುವೆ ನೆಲಕ್ಕಿಟ್ಟು, ಇದಕ್ಕೆ ಹೂಂ ಎಂದವರು ಯಾರು ಎಂದು ಕೇಳಿದಳು.

ಮಾಬೂಸಾಬ ಮುಗಿಲು ನೋಡಿದ. ಸಂಗಪ್ಪ, ತಾನು ಉಹೂಂ ಅಂದವನು ಎಂದು ಹೇಳಿಕೊಂಡ. ಬಾಗಿಲಲ್ಲಿ ನೀರಿಳಿಸುತ್ತ ನಿಂತಿದ್ದ ದೇಸಾಯರು ಶಾಲೆಯ ಹುಡುಗನ ಹಾಗೆ ನಿಧಾನಕ್ಕೆ ಕೈ ಎತ್ತಿದರು. ಕೆಂಗಲಮಟ್ಟಿಯ ಕಥೆಯನ್ನು ಮಹಾನಂದಾ ಹೇಳಿದಳು. ಯಲ್ಲವ್ವ ಪೂರ್ತಿ ಕೇಳಿದಳು. ಕಾಯಿ ಉಳಿದದ್ದು ಒಳ್ಳೆಯದಾಯಿತು ಎಂದಳು. ಆದರೆ ತನ್ನನ್ನು ಯಾಕೆ ಕೇಳಲಿಲ್ಲ ಎಂದಳು.

ದೇಸಾಯರು ಹೆಡ್‌ಫೋನನ್ನು ಎರಡೂ ಕೈಯಲ್ಲಿ ಹಿಡಿದು ಅವಳ ಮುಂದೆ ಚಾಚಿದರು. ಈ ಗುಡ್ಡದ ಮೇಲೆ ಒಣಗಿಸುವುದು, ನೆನೆಯುವುದು ಎಲ್ಲ ನಿನಗೇ ಚೆನ್ನಾಗಿ ಗೊತ್ತು, ಇನ್ನು ಮುಂದೆ ಮಳಿಮನಿಯ ಹೂಂಗಾರಳು ನೀನೇ ಆಗುತ್ತೀಯೇನು ಎಂದು ಕೇಳಿದರು. ಯಂತ್ರವೂ ಅವಳ ದನಿಗಾಗಿ ಕಿವಿ ತೆರೆದು ಕೂತಿತು. ಹಸಿರು ಗುಂಡಿ, ಕೆಂಪು ಗುಂಡಿ, ಸಾಗಲಿ ಗುಂಡಿ ಮೂರೂ ಮಿನುಗಿದವು.

ಯಲ್ಲವ್ವ ಸೆರಗು ಹಿಂಡಿ ಸಂಡಿಗೆಯ ಗಂಟು ಎತ್ತಿಕೊಂಡಳು.

“ವಿಚಾರ ಮಾಡಿ ಹೇಳ್ತೇನ್ರಿ,” ಎಂದು ಒಲೆಯ ಕಡೆ ನಡೆದಳು.

ಆ ಉತ್ತರಕ್ಕೆ ಯಂತ್ರದಲ್ಲಿ ಗುಂಡಿಯೇ ಇರಲಿಲ್ಲ.